ಯುದ್ಧ ಮುಗಿದರೂ ಉಳಿದ ನಂಬರು

ಠಾಣೆಯ ವರ್ತಕ ನಗರಕ್ಕೆ ಸಮೀಪದಲ್ಲೇ ವಾಗಳೆ ಎಸ್ಟೇಟ್ ಇದೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರಲ್ಲಿ ಕೆಲಸ ಶುರು ಮಾಡಿದ್ದು ಇಲ್ಲಿಂದಲೇ. ಇಂಥ ಕೈಗಾರಿಕಾ ವಸಾಹತುಗಳ ಲೇತ್ ಶಾಪಿಗೆ ಶಾಫ್ಟ್ ಮಾಡಿಸಲು ಹೋದರೆ ಎದುರಾಗುವ ಪ್ರಶ್ನೆ: ಇಎನ್ 8 ಸಾಕೋ, ಇಎನ್ 24 ಬೇಕೋ?

ಈ ಹೆಸರುಗಳು ಹುಟ್ಟಿದ್ದು ಎರಡನೇ ಮಹಾಯುದ್ಧದ ಬ್ರಿಟನ್ನಿನಲ್ಲಿ. ನೂರೆಂಟು ಬಗೆಯ ಉಕ್ಕು ತಯಾರಿಸುತ್ತ ಕೂರಲು ಯುದ್ಧಕಾಲದಲ್ಲಿ ಪುರುಸೊತ್ತಿರಲಿಲ್ಲ. 1941ರಲ್ಲಿ ಬಿಎಸ್ 970 ಎಂಬ ಮಾನಕ ಅವನ್ನು ಒಂದು ಚಿಕ್ಕ ಪಟ್ಟಿಗೆ ಇಳಿಸಿತು. ಇಎನ್ ಎಂದರೆ ಎಮರ್ಜೆನ್ಸಿ ನಂಬರ್. 24 ಎಂದರೆ 8ರ ಮೂರು ಪಟ್ಟು ಗಟ್ಟಿ ಎಂದಲ್ಲ. ಹಾಜರಿ ಪುಸ್ತಕದಲ್ಲಿರುವಂತೆ ಅದು ಬರೀ ಕ್ರಮಸಂಖ್ಯೆ.

1947ರಲ್ಲಿ ಸ್ಥಾಪನೆಯಾದ ಭಾರತೀಯ ಮಾನಕ ಸಂಸ್ಥೆ ಬೇರೆ ದಾರಿ ಹಿಡಿಯಿತು. 1961ರಲ್ಲಿ ಐಎಸ್ 1570 ಬಂತು. 1974ರ ಐಎಸ್ 1762, ಉಕ್ಕಿನೊಳಗೆ ಏನಿದೆ ಎಂಬುದನ್ನು ಹೆಸರೇ ಹೇಳುವಂತೆ ಮಾಡಿತು. ಇಎನ್ 8ಕ್ಕೆ ಹೊಂದುವ ಉಕ್ಕು ‘40ಸಿ8’ ಆಯಿತು. ಶೇ. 0.40 ಇಂಗಾಲವನ್ನು ನೂರರಿಂದ ಗುಣಿಸಿದರೆ 40, ಸುಮಾರು ಶೇ. 0.8 ಮ್ಯಾಂಗನೀಸನ್ನು ಹತ್ತರಿಂದ ಗುಣಿಸಿದರೆ 8. ಇಎನ್ 24ರ ಜೋಡಿ ‘40ಎನ್‌ಐ6ಸಿಆರ್4ಎಂಒ3’. ಇಲ್ಲಿ ನಿಕ್ಕಲ್, ಕ್ರೋಮಿಯಂಗಳ ಪ್ರಮಾಣವನ್ನು ನಾಲ್ಕರಿಂದ, ಮಾಲಿಬ್ಡಿನಂ ಪ್ರಮಾಣವನ್ನು ಹತ್ತರಿಂದ ಗುಣಿಸುತ್ತಾರೆ.

ಓದಲು ಬಂದವರಿಗೆ ಹೆಸರೇ ಪಾಕದ ಅಳತೆ. ಆದರೆ ಯಂತ್ರಗಳ ಸದ್ದಿನ ನಡುವೆ ಅದನ್ನು ಕೂಗಿ ಹೇಳುವುದು ಹೇಗೆ? ಬ್ರಿಟನ್ನೇ 1970ರ ದಶಕದಲ್ಲಿ ಇಎನ್ ಬಿಟ್ಟು, 8ನ್ನು ‘080ಎಂ40’ ಎಂದು ಕರೆಯಿತು. ಇಲ್ಲಿನ ಹಳೆಯ ಡ್ರಾಯಿಂಗುಗಳಲ್ಲಿ, ಉಕ್ಕಿನ ಅಂಗಡಿಗಳಲ್ಲಿ, ಕೆಲಸಗಾರರ ಬಾಯಲ್ಲಿ ಮಾತ್ರ ಆ ಚುಟುಕು ಹೆಸರೇ ನಿಂತಿತು.

ಹೆಸರು ಯಾವುದಾದರೂ ಇರಲಿ, ಸರಳು ಅದಲುಬದಲಾದರೆ ಕಷ್ಟ. ಎರಡೂ ನೋಡಲು ಒಂದೇ ಥರ. ಅಳತೆಪಟ್ಟಿಗೆ ವ್ಯತ್ಯಾಸ ಗೊತ್ತಾಗದು. ಕಾಯಿಸಿ ಎಣ್ಣೆಗೆ ಅದ್ದಿದಾಗ ದಪ್ಪ ಇಎನ್ 24 ಒಳಗಿನವರೆಗೂ ಗಡಸಾಗುತ್ತದೆ. ಅಷ್ಟೇ ದಪ್ಪದ ಇಎನ್ 8ರಲ್ಲಿ ಆ ಗಡಸುತನ ಆಳಕ್ಕೆ ಇಳಿಯುವುದಿಲ್ಲ. ಭಾರ ಹೊರುವ ಜಾಗದಲ್ಲಿ ಎರಡನೆಯದನ್ನು ಕೂರಿಸಿದರೆ ಶಾಫ್ಟ್ ತಪಾಸಣೆಯಲ್ಲಿ ಪಾಸಾಗಬಹುದು, ಆಮೇಲೆ ಯಂತ್ರ ಓಡುವಾಗಲೇ ಮುರಿಯಬಹುದು. ಗ್ರೈಂಡರಿನ ಕಿಡಿ ನೋಡಿ ಪಳಗಿದ ಕಣ್ಣು ಇಂಗಾಲವನ್ನು ಅಂದಾಜು ಮಾಡೀತು; ನಿಕ್ಕಲ್ ಎಷ್ಟಿದೆ ಎಂದು ನಿಖರವಾಗಿ ಹೇಳಲಾರದು.

ಅದಕ್ಕೇ ಸರಳಿನ ಜೊತೆ ಟೆಸ್ಟ್ ಸರ್ಟಿಫಿಕೇಟ್ ಬರುತ್ತದೆ. ಅದು ಕುಲುಮೆಯ ಯಾವ ಪಾಕದಿಂದ ಬಂತೆಂದು ತಿಳಿಸುವ ಹೀಟ್ ನಂಬರನ್ನೂ ಆ ಪಾಕದ ರಾಸಾಯನಿಕ ಪ್ರಮಾಣಗಳನ್ನೂ ಅದರಲ್ಲಿ ಬರೆದಿರುತ್ತಾರೆ. ಬಾಯಲ್ಲಿ ಇಎನ್ 8 ಎಂದೇ ಕೇಳಿದರೂ, ಜಾಣ ಗಿರಾಕಿ ಹಣ ಕೊಡುವ ಮೊದಲು ಈ ಕಾಗದ ನೋಡುತ್ತಾನೆ.