ಮೆಟ್ಟಿಲು ಹತ್ತುವಾಗ ಹಿಡಿಯುವ ಎದೆ

ಮುಂಬಯಿಯ ಭಾಂಡುಪ್ ಪಶ್ಚಿಮದ ಔಷಧದಂಗಡಿಯೊಂದರ ಕೌಂಟರಿನ ಹಿಂದೆ ನಿಂತೇ ನನ್ನ ದುಡಿಮೆಯ ಕಾಲವೆಲ್ಲ ಕಳೆಯಿತು. ಸಿಯೆಟ್, ಜಿಕೆಡಬ್ಲ್ಯು ಕಾರ್ಖಾನೆಗಳ ಪಾಳಿ ಬಿಟ್ಟಾಗ ಅಂಗಡಿ ತುಂಬುತ್ತಿತ್ತು. ಕುಂದಾಪುರ, ಕಾರ್ಕಳ ಕಡೆಯ ಹೋಟೆಲ್ ಕೆಲಸದವರು ರಾತ್ರಿ ಷಟರ್ ಎಳೆಯುವ ಹೊತ್ತಿಗೆ ಬರುವರು. "ಎದೆ ಹಿಡಿದ ಹಾಗಾಗ್ತದೆ ಮಾರಾಯ್ರೆ, ಗ್ಯಾಸಿಗೆ ಏನಾದ್ರೂ ಕೊಡಿ" ಎನ್ನುವರು.

ಬೊಂಬಾಯಿಯ ಮುಖ್ಯ ಇಂಜಿನಿಯರ್ ಜಾರ್ಜ್ ಕ್ಲಾರ್ಕ್‌ಗೆ ರೈಲುಮಾರ್ಗದ ಯೋಚನೆ ಹೊಳೆದದ್ದು 1843ರಲ್ಲಿ ಭಾಂಡುಪಿಗೆ ಬಂದಾಗ ಎಂದು ರೈಲ್ವೆಯ ಇತಿಹಾಸದಲ್ಲಿದೆ. 1853ರ ಏಪ್ರಿಲ್ 16ರಂದು ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೋದದ್ದೂ ಈ ಊರಿನ ಮೇಲೆಯೇ. ಮುಂದೆ ಆ ಹಳಿ ದಾಟಲು ಬಂದ ಸೇತುವೆಯ ಮೆಟ್ಟಿಲು ನಮ್ಮವರ ಹೃದಯದ ಮೊದಲ ಪರೀಕ್ಷೆಯಾಯಿತು. ಮಧ್ಯದಲ್ಲಿ ಎದೆ ಬಿಗಿಯುತ್ತದೆ, ಕಂಬಿ ಹಿಡಿದು ನಿಂತರೆ ಬಿಡುತ್ತದೆ, ಊಟ ಮಾಡಿ ಹತ್ತಿದರೆ ಇನ್ನೂ ಜೋರು ಎಂದು ಅವರು ಹೇಳುತ್ತಿದ್ದರು.

ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ಇದನ್ನೇ ವರ್ಣಿಸಿ ಆಂಜೈನಾ ಎಂದು ಕರೆದ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಉಂಡ ಮೇಲೆ ಬರುವ ನೋವು, ನಿಂತೊಡನೆ ಮಾಯ. ಯಾವ ಯಂತ್ರವೂ ಇಲ್ಲದ ಆ ಕಾಲದಲ್ಲಿ ರೋಗಿಯ ಮಾತಿಗೆ ಕಿವಿಗೊಟ್ಟೇ ಆತ ಇಷ್ಟನ್ನು ಕಂಡುಕೊಂಡ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಒಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗುವುದು ಇದಕ್ಕೆ ಮುಖ್ಯ ಕಾರಣ ಎಂಬುದು ಆಮೇಲೆ ಸ್ಪಷ್ಟವಾಯಿತು. ಬೀಡಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಅದನ್ನು ಬೆಳೆಸುತ್ತವೆ.

ಔಷಧ ಬಂದ ದಾರಿ ಇನ್ನೂ ವಿಚಿತ್ರ. ಇಟಲಿಯ ಸೊಬ್ರೆರೊ 1847ರಲ್ಲಿ ನೈಟ್ರೋಗ್ಲಿಸರಿನ್ ತಯಾರಿಸಿ ನಾಲಿಗೆಗೆ ತಾಗಿಸಿದಾಗ ತಲೆ ಸಿಡಿಯಿತು. ಅದನ್ನೇ ಬಳಸುವ ಡೈನಮೈಟ್ ಕಾರ್ಖಾನೆಯವರಿಗೆ ರಜೆ ಮುಗಿಸಿ ಬಂದ ದಿನ ಅದೇ ತಲೆನೋವು. 1879ರಲ್ಲಿ ವಿಲಿಯಂ ಮುರೆಲ್ ಎಂಬ ವೈದ್ಯ ಆ ನೈಟ್ರೋಗ್ಲಿಸರಿನ್ನನ್ನೇ ಎದೆನೋವಿಗೆ ಕೊಟ್ಟು ಗುಣ ಕಂಡ. ಡೈನಮೈಟಿನ ಒಡೆಯ ಆಲ್ಫ್ರೆಡ್ ನೊಬೆಲ್‌ಗೂ ಕೊನೆಗಾಲದಲ್ಲಿ ವೈದ್ಯರು ಇದನ್ನೇ ಬರೆದರು.

ಆ ಮದ್ದಿನ ಮಾತ್ರೆ ಕಂದು ಗಾಜಿನ ಪುಟ್ಟ ಸೀಸೆಯಲ್ಲಿ ಬರುತ್ತಿತ್ತು. ಸೀಸೆಯೊಳಗೆ ಹತ್ತಿ ಇಟ್ಟರೆ ಹತ್ತಿಯೇ ಮದ್ದನ್ನು ಹೀರುತ್ತದೆ, ಕಿಸೆಯ ಬಿಸಿಗೆ ಸತ್ವ ಆರಿಹೋಗುತ್ತದೆ. ಪೊಟ್ಟಣ ಕಟ್ಟಿ ಕೊಡಿ ಎಂದವರಿಗೆ ನಾನು ಕೊಡುತ್ತಿರಲಿಲ್ಲ. ನಮ್ಮಲ್ಲಿ ಹೆಚ್ಚು ಹೋಗುತ್ತಿದ್ದದ್ದು ಅದರ ದಾಯಾದಿ ಸಾರ್ಬಿಟ್ರೇಟ್. ಕುಳಿತೇ ನಾಲಿಗೆಯಡಿ ಇಡಬೇಕು, ನಿಂತಿದ್ದರೆ ಒತ್ತಡ ಇಳಿದು ಬೀಳಬಹುದು ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ.

1968ರ ಫೆಬ್ರವರಿಯಲ್ಲಿ ಇದೇ ಸೆಂಟ್ರಲ್ ಲೈನಿನ ಪರೇಲಿನಲ್ಲಿ, ಕೆಇಎಂ ಆಸ್ಪತ್ರೆಯ ಡಾ. ಪಿ.ಕೆ. ಸೇನ್ ಹೃದಯ ಕಸಿಗೇ ಕೈಹಾಕಿದ್ದರು. ಅದಾಗಿ ಎಷ್ಟೋ ವರ್ಷಗಳ ಮೇಲೂ ಭಾಂಡುಪಿನವರು ಸೋಡಾ ಕುಡಿದು ಪಾಳಿಗೆ ಹೋಗುತ್ತಿದ್ದುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಸುಮ್ಮನೆ ಮಲಗಿಸಿ ತೆಗೆದ ಇಸಿಜಿಯಲ್ಲಿ ಈ ರೋಗ ಅಡಗಿರಬಹುದು. ಅದು ಸರಿ ಬಂತೆಂದು ಔಷಧಿ ಬಿಟ್ಟವರನ್ನು ನಾನೇ ಬಲ್ಲೆ. ಓಡಿಸಿ ನೋಡುವ ಪರೀಕ್ಷೆ, 1958ರಲ್ಲಿ ಅಮೆರಿಕದ ಮೇಸನ್ ಸೋನ್ಸ್ ಆಕಸ್ಮಿಕವಾಗಿ ಕಂಡುಕೊಂಡ ಹೃದಯನಾಳಗಳ ಆಂಜಿಯೋಗ್ರಾಮ್, 1977ರಲ್ಲಿ ಜ್ಯೂರಿಚ್‌ನಲ್ಲಿ ಗ್ರುಂಟ್ಸಿಗ್ ಮಾಡಿದ ಬಲೂನು ಚಿಕಿತ್ಸೆ ನಮ್ಮವರ ಕೈಗೆಟುಕಿದ್ದು ತೀರಾ ತಡವಾಗಿ. ಸ್ಟೆಂಟಿಗಾಗಿ ಊರಿನ ಗದ್ದೆ ಮಾರಿದವರಿದ್ದಾರೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿದ್ದು ದೊಡ್ಡ ಉಪಕಾರ.

ಆದರೆ ಸ್ಥಿರವಾಗಿರುವ ಆಂಜೈನಾದಲ್ಲಿ ಸ್ಟೆಂಟು ನೋವು ಇಳಿಸುತ್ತದೆಯೇ ಹೊರತು, ಔಷಧಿಗಿಂತ ಹೆಚ್ಚಾಗಿ ಆಯುಷ್ಯ ಕೊಡುವುದಿಲ್ಲ ಎಂದು 2007ರ ಕರೇಜ್ ಅಧ್ಯಯನವೂ 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನವೂ ತೋರಿಸಿವೆ. ಹಾಗಾಗಿ ಆಸ್ಪಿರಿನ್, ಸ್ಟ್ಯಾಟಿನ್ ಬರೆದುಕೊಟ್ಟಿದ್ದರೆ ದಯವಿಟ್ಟು ನಡುವೆ ನಿಲ್ಲಿಸಬೇಡಿ. ಮೆಟ್ಟಿಲಲ್ಲಿ ಬಂದು ನಿಂತರೆ ಹೋಗುವ ನೋವನ್ನು ಈ ವಾರವೇ ವೈದ್ಯರಿಗೆ ತೋರಿಸಿ. ಕುಳಿತಲ್ಲೇ ಬಂದ ನೋವು, ಹದಿನೈದು ನಿಮಿಷವಾದರೂ ಬಿಡದ ನೋವು ಹೃದಯಾಘಾತವಾಗಿರಬಹುದು. ಆಗ ನನ್ನಂಥವನ ಅಂಗಡಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.