ಹೆಸರಿಲ್ಲದ ತೊರೆಗೆ ಒಂದನೇ ನಂಬರು

ನಮ್ಮ ನಾಡಿನ ನೆಲವನ್ನು ಮೊದಲು ಯಂತ್ರ ಹಿಡಿದು ಅಳೆದದ್ದು ನೆರೆ ಬರುತ್ತದೆ ಅಂತಲೂ ಅಲ್ಲ, ಗುಡ್ಡ ಕುಸಿಯುತ್ತದೆ ಅಂತಲೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದರು. ಗೆದ್ದ ಈಸ್ಟ್ ಇಂಡಿಯಾ ಕಂಪನಿಗೆ ಈ ಸೀಮೆಯಲ್ಲಿ ಯಾವ ಊರು ಎಲ್ಲಿದೆ, ಯಾವ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗಬೇಕಿತ್ತು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಉಕ್ಕಿನ ಸರಪಳಿ ಎಳೆದು ಒಂದು ನೇರ ಗೆರೆ ಅಳೆದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮತ್ತೊಂದು ಗೆರೆ ಅಳೆದ. ಗೆರೆಯ ಎರಡೂ ತುದಿಯಿಂದ ದೂರದ ಬೆಟ್ಟಕ್ಕೆ ಕೋನ ಹಿಡಿದರೆ ಬೆಟ್ಟದ ದೂರ ಲೆಕ್ಕದಲ್ಲೇ ಸಿಗುತ್ತದೆ. ಹೀಗೆ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಹೋದರು. ಕೋನ ಹಿಡಿಯುವ ಆ ಯಂತ್ರದ ತೂಕವೇ ಸುಮಾರು ಅರ್ಧ ಟನ್. ಅದನ್ನು ಬೆಟ್ಟದ ತುದಿಗೆ ಹೊತ್ತವರ ಹೆಸರು ನಕ್ಷೆಯಲ್ಲಿಲ್ಲ ಬಿಡಿ.

ಈ ಅಳತೆಯ ಬುನಾದಿಯ ಮೇಲೆಯೇ ಮುಂದೆ ಟೋಪೋಶೀಟುಗಳು ಬಂದವು. ಹೈಸ್ಕೂಲಿನ ಭೂಗೋಳದಲ್ಲಿ ಓದಿರುತ್ತೀರಿ: ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಯೇ ಸಮೋನ್ನತ ರೇಖೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರದೂರ ಇದ್ದರೆ ಸಪಾಟು ನೆಲ. ಹೊಳೆಗೆ ಹೆಸರು ಬರೆದರು. ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಕ್ಕೆ ಸಣ್ಣದೊಂದು ಗೆರೆ ಸಿಕ್ಕರೆ ಪುಣ್ಯ.

ಆ ಸಣ್ಣ ಗೆರೆಗೆ ಬೆಲೆ ಬಂದದ್ದು ಅಮೆರಿಕದಲ್ಲಿ, 1945ರಲ್ಲಿ. ಅದಕ್ಕೂ ಮುಂಚೆ ಯುರೋಪಿನ ಪದ್ಧತಿಯೊಂದರಲ್ಲಿ ಮುಖ್ಯ ನದಿಗೆ 1, ಅದರ ಉಪನದಿಗೆ 2 ಎಂದು ಮೇಲಿನಿಂದ ನಂಬರು ಕೊಡುತ್ತಿದ್ದರು. ರಾಬರ್ಟ್ ಹಾರ್ಟನ್ ಎಂಬ ಜಲತಜ್ಞ ಇದನ್ನು ತಲೆಕೆಳಗು ಮಾಡಿದ. ಗುಡ್ಡದ ನೆತ್ತಿಯ ಹತ್ತಿರ ಹುಟ್ಟುವ, ಬೇರೆ ಯಾವ ತೊರೆಯೂ ಬಂದು ಸೇರದ ತೊರೆಗೆ 1. 1952ರಲ್ಲಿ ಆರ್ಥರ್ ಸ್ಟ್ರಾಲರ್ ಇದನ್ನು ಸರಳ ಮಾಡಿದ: ಎರಡು 1 ಸೇರಿದರೆ 2, ಎರಡು 2 ಸೇರಿದರೆ 3. ದೊಡ್ಡದಕ್ಕೆ ಸಣ್ಣದು ಬಂದು ಸೇರಿದರೆ ದೊಡ್ಡದರ ನಂಬರು ಬದಲಾಗುವುದಿಲ್ಲ. ಸಾಮಾನ್ಯವಾಗಿ ಒಂದು ಎರಡನೇ ದರ್ಜೆಯ ತೊರೆಗೆ ಮೂರರಿಂದ ಐದು ಒಂದನೇ ದರ್ಜೆಯವು ಇರುತ್ತವೆ. ಅಂದರೆ ಯಾವುದೇ ನದಿಯ ತೊರೆಗಳನ್ನು ಎಣಿಸಿದರೆ ಬಹುಪಾಲು ನಮ್ಮ ಗದ್ದೆ, ತೋಟದ ಪಕ್ಕ ಹರಿಯುವ ಹೆಸರಿಲ್ಲದವೇ. ನದಿ ಎಂದರೆ ತಲೆಯಲ್ಲ, ಕಾಲ್ಬೆರಳು ಎಂದು ಹಾರ್ಟನ್ ಹೇಳಿದಂತಿದೆ ಎಂದು ನಮಗೆ ಅನಿಸುತ್ತದೆ.

ಇದರಿಂದ ನೆರೆಯ ವಿಷಯ ಏನು ತಿಳಿಯುತ್ತದೆ? ಒಂದು ಚದರ ಕಿ.ಮೀ. ನೆಲದಲ್ಲಿ ಒಟ್ಟು ಎಷ್ಟು ಕಿ.ಮೀ. ತೊರೆ ಇದೆ ಎಂದು ಅಳೆಯುತ್ತಾರೆ. ಹೆಚ್ಚಿದ್ದಲ್ಲಿ ಮಳೆನೀರು ಇಂಗುವ ಮೊದಲೇ ಹಳ್ಳಕ್ಕೆ ಬೀಳುತ್ತದೆ. ಆಕಾರವನ್ನೂ ನೋಡುತ್ತಾರೆ. ಜಲಾನಯನ ಪ್ರದೇಶ ಉದ್ದಕ್ಕಿದ್ದರೆ ಹತ್ತಿರದ ನೀರು ಮೊದಲು, ದೂರದ್ದು ಆಮೇಲೆ ಬರುತ್ತದೆ. ದುಂಡಗೆ ತಟ್ಟೆಯಂತಿದ್ದರೆ ಸುತ್ತಲಿನ ನೀರೆಲ್ಲ ಒಂದೇ ಹೊತ್ತಿಗೆ ಬಂದು ಸೇರುತ್ತದೆ, ಹಳ್ಳ ಒಮ್ಮೆಗೇ ಏರುತ್ತದೆ.

ಸಮಯದ ಲೆಕ್ಕವೂ ಇದೆ. 1940ರಲ್ಲಿ ಕಿರ್ಪಿಚ್ ಎಂಬ ಎಂಜಿನಿಯರ್ ಟೆನೆಸ್ಸಿಯ ಸಣ್ಣ ಹೊಲಗಳ ಅಳತೆಯಿಂದ ಒಂದು ಸೂತ್ರ ಕೊಟ್ಟ. ಹಳ್ಳದ ಉದ್ದ ಮತ್ತು ಇಳಿಜಾರು ಗೊತ್ತಿದ್ದರೆ ಸಾಕು, ಮೇಲಿನ ತುದಿಯ ನೀರು ಕೆಳಗೆ ಮುಟ್ಟಲು ಎಷ್ಟು ಹೊತ್ತು ಎಂದು ಅಂದಾಜು ಸಿಗುತ್ತದೆ. ನಾವು ಲೆಕ್ಕ ಹಾಕಿ ನೋಡಿದೆವು. ಒಂದು ಕಿ.ಮೀ. ಉದ್ದದ ಹಳ್ಳ ನೂರು ಮೀಟರಿಗೆ ಒಂದು ಮೀಟರ್ ಇಳಿದರೆ ಸುಮಾರು 23 ನಿಮಿಷ. ಅದೇ ಹಳ್ಳ ನೂರಕ್ಕೆ ಹತ್ತು ಮೀಟರ್ ಇಳಿದರೆ ಹತ್ತು ನಿಮಿಷವೂ ಬೇಡ. ಮಲೆನಾಡಿನ ಮೋರಿಗೆ ಬಯಲುಸೀಮೆಯ ಅಂದಾಜಿನಲ್ಲಿ ಪೈಪು ಹಾಕಿದರೆ ಏನಾಗುತ್ತದೆ ಎಂದು ಮೋರಿ ಪಕ್ಕ ಮನೆ ಇರುವವರನ್ನು ಕೇಳಿ.

ಭೂಕುಸಿತಕ್ಕೆ ಬಂದರೆ ಇನ್ನೂ ಮೇಲೆ ಹತ್ತಬೇಕು, ಒಂದನೇ ದರ್ಜೆಯ ತೊರೆಗಿಂತಲೂ ಮೇಲೆ. ಅಲ್ಲಿ ಬೊಗಸೆಯಂತೆ ತಗ್ಗಾದ ಜಾಗ ಇರುತ್ತದೆ. ತೊರೆ ಕಾಣುವುದಿಲ್ಲ, ಹುಲ್ಲೋ ಕಾಡೋ ತೋಟವೋ ಇರುತ್ತದೆ. ಭೂವಿಜ್ಞಾನಿಗಳು ಇದನ್ನು ಸೊನ್ನೆ ದರ್ಜೆಯ ಕಣಿವೆ ಎನ್ನುತ್ತಾರೆ. ವರ್ಷಗಟ್ಟಲೆ ಮೇಲಿನ ಮಣ್ಣು ಜಾರಿ ಬಂದು ಅಲ್ಲಿ ದಪ್ಪಗೆ ಕೂರುತ್ತದೆ. ಬಿಡದೆ ಮಳೆ ಹಿಡಿದಾಗ ಸುತ್ತಲಿನ ಒಸರು ನೀರೂ ಅಲ್ಲೇ ಸೇರುತ್ತದೆ. ಮಣ್ಣಿನೊಳಗೆ ನೀರಿನ ಒತ್ತಡ ಏರಿ ಹಿಡಿತ ತಪ್ಪಿದರೆ ಆ ಬೊಗಸೆ ಮಣ್ಣೆಲ್ಲ ಕೆಳಗಿನ ತೊರೆಯ ದಾರಿ ಹಿಡಿದು ಮರ, ಬಂಡೆ ಸಮೇತ ಇಳಿಯುತ್ತದೆ. ತೊರೆ ಬೇಸಿಗೆಯಲ್ಲಿ ಒಣಗಿತ್ತು, ಅಲ್ಲಿ ಮನೆ ಕಟ್ಟಿದರೆ ಏನು ಎಂಬ ಮಾತು ಈ ಕಾರಣಕ್ಕೇ ಅಪಾಯದ್ದು.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿದವು. ಮಳೆ ವಿಪರೀತವಾಗಿತ್ತು, ನಿಜ. ಜೊತೆಗೆ ರಸ್ತೆಗೆ, ಮನೆಗೆ ಎಂದು ಇಳಿಜಾರಿನ ಬುಡ ಕಡಿದ ಮಾತೂ ಬಂತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಜರಿದು ಗಂಗಾವಳಿ ನದಿಗೆ ಬಿದ್ದದ್ದು ಹೆದ್ದಾರಿಯ ಮಗ್ಗುಲಿನ ಗುಡ್ಡ. ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು.

ಈಗ ಅಳೆಯಲು ಸರಪಳಿ ಬೇಡ. 2000ದ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆ 11 ದಿನಗಳಲ್ಲಿ ಭೂಮಿಯ ಬಹುಪಾಲು ನೆಲದ ಎತ್ತರವನ್ನು ರೇಡಾರ್‌ನಿಂದ ಅಳೆಯಿತು. 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1 ಎರಡು ಕ್ಯಾಮೆರಾ ಇಟ್ಟುಕೊಂಡು, ನಮ್ಮ ಎರಡು ಕಣ್ಣಿನ ಹಾಗೆ, ಎತ್ತರ ತಗ್ಗು ಗುರುತಿಸಿತು. ಲ್ಯಾಂಬ್ಟನ್ ಕಾಲದಲ್ಲಿ ವರ್ಷಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಈಗ ಕಾಲೇಜು ಹುಡುಗರು ಲ್ಯಾಪ್‌ಟಾಪಿನಲ್ಲಿ ಮಾಡುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇಳಿಜಾರು, ಮಣ್ಣು, ಕಲ್ಲು, ನೆಲದ ಬಳಕೆ ಎಲ್ಲ ಸೇರಿಸಿ ಭೂಕುಸಿತದ ಸಾಧ್ಯತೆಯ ನಕ್ಷೆಗಳನ್ನು ಮಾಡಿದೆ. ಎಲ್ಲಿ ಕುಸಿಯಬಹುದು ಎಂದು ಅದು ಹೇಳುತ್ತದೆ, ಯಾವತ್ತು ಎಂದು ಹೇಳುವುದಿಲ್ಲ.

ಈ ನಕ್ಷೆಗಳ ಅಳತೆ 50,000ಕ್ಕೆ ಒಂದು. ಅಂದರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದಲ್ಲಿ 50 ಮೀಟರ್. ಅದೇ ಅಳತೆಯ ಟೋಪೋಶೀಟಿನಲ್ಲಿ ಸಮೋನ್ನತ ರೇಖೆಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ಅಂತರ. ಹೋದ ಬೇಸಿಗೆಯಲ್ಲಿ ಜೆಸಿಬಿ ತಂದು ಕಡಿದ ಹತ್ತು ಮೀಟರ್ ಎತ್ತರದ ಬರೆ, ಅದರ ಬುಡದ ಮನೆ, ಮನೆ ಹಿಂದೆ ಮಣ್ಣು ತುಂಬಿಸಿ ಮುಚ್ಚಿದ ಒಂದನೇ ನಂಬರಿನ ತೊರೆ, ಮೂರೂ ಪೆನ್ಸಿಲಿನ ಒಂದು ಚುಕ್ಕಿಯೊಳಗೆ ಮುಚ್ಚಿಹೋಗುತ್ತವೆ. ಅವುಗಳನ್ನು ನೋಡಲು ಮಳೆ ಬರುವಾಗ ಕೊಡೆ ಹಿಡಿದು ಮನೆ ಹಿಂದಕ್ಕೇ ಹೋಗಬೇಕು.