ಚಳಿಜ್ವರದ ಮದ್ದನ್ನು ಹುಡುಕುತ್ತಾ: ಬೆಂಗಳೂರಿನ ಪ್ರಯೋಗಾಲಯ ಮತ್ತು ಮಂಗಳೂರಿನ ಜ್ವರ

ಮಂಗಳೂರಿನಲ್ಲಿ ಹುಟ್ಟಿ ಬೆಳೆದ ನಿಮಗೆ ಮಲೇರಿಯಾ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. 1990ರ ದಶಕದ ಆರಂಭದಿಂದ ಈ ನಗರದಲ್ಲಿ ಬಹುಮಹಡಿ ಕಟ್ಟಡಗಳು ಏಳತೊಡಗಿದವು. ಕಟ್ಟಡದ ಸ್ಲ್ಯಾಬಿನ ಮೇಲೆ ನೀರು ಕಟ್ಟಿ ನಿಲ್ಲಿಸುವುದು ವಾಡಿಕೆ. ಆ ನೀರು, ಮುಚ್ಚಳವಿಲ್ಲದ ಟಾಂಕಿಗಳು, ಮಳೆಗಾಲದಲ್ಲಿ ಎಲ್ಲೆಂದರಲ್ಲಿ ನಿಂತ ನೀರು ಇವೆಲ್ಲವೂ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಗೆ ತೊಟ್ಟಿಲಾದವು. ಮುಂದಿನ ಎರಡು ದಶಕಗಳಿಗೂ ಹೆಚ್ಚು ಕಾಲ ಕರ್ನಾಟಕದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ನಮ್ಮ ಜಿಲ್ಲೆಯದೇ ಆಗಿತ್ತು. ಜ್ವರ ಬಂದೊಡನೆ ಬೆರಳು ಚುಚ್ಚಿಸಿ ರಕ್ತ ಪರೀಕ್ಷೆ ಮಾಡಿಸುವುದು ಇಲ್ಲಿನ ಮನೆಮನೆಯ ರೂಢಿಯಾಯಿತು. ಉತ್ತರ ಕರ್ನಾಟಕದಿಂದ, ದೂರದ ರಾಜ್ಯಗಳಿಂದ ಕೂಲಿಗಾಗಿ ಬಂದು, ಕಟ್ಟುತ್ತಿರುವ ಕಟ್ಟಡದೊಳಗೇ ಮಲಗುತ್ತಿದ್ದ ಕಾರ್ಮಿಕರು ಎಲ್ಲರಿಗಿಂತ ಹೆಚ್ಚು ನರಳಿದರು.

ಈ ಜ್ವರಕ್ಕೆ ವೈದ್ಯರು ಬರೆದುಕೊಡುವ ಮಾತ್ರೆ ಎಲ್ಲಿಂದ ಬಂತು? ಹೊಸ ಮಾತ್ರೆಯನ್ನು ಯಾರು, ಹೇಗೆ ಹುಡುಕುತ್ತಾರೆ? ಆ ಹುಡುಕಾಟದ ಒಂದು ಮುಖ್ಯ ಅಧ್ಯಾಯ ನಮ್ಮ ರಾಜ್ಯದಲ್ಲೇ ನಡೆಯಿತು. ಅದನ್ನು ನಿಮಗೆ, ಅದರಲ್ಲೂ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳಿಗೆ, ತಿಳಿಸುವುದೇ ಈ ಲೇಖನದ ಉದ್ದೇಶ.

ಹಳೆಯ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. 1820ರಲ್ಲಿ ಫ್ರಾನ್ಸಿನ ಪೆಲೆಟಿಯೇ ಮತ್ತು ಕವಾಂತೂ ಎಂಬ ಇಬ್ಬರು ರಸಾಯನ ತಜ್ಞರು ಸಿಂಕೋನಾ ಮರದ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. ಮದ್ದು ಕೈಗೆ ಬಂದರೂ ರೋಗ ಹೇಗೆ ಹರಡುತ್ತದೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್ ಎಂಬ ತರುಣ, ತನ್ನ ಬಂಗಲೆಯ ಹತ್ತಿರದ ನೀರಿನ ಪೀಪಾಯಿಯಲ್ಲಿ ಸೊಳ್ಳೆಗಳು ಮರಿ ಮಾಡುವುದನ್ನು ಗಮನಿಸಿದ. ನಿಂತ ನೀರನ್ನು ತೆಗೆದರೆ ಸೊಳ್ಳೆಯೂ ಹೋಗುತ್ತದೆಂಬುದು ಅವನಿಗೆ ಹೊಳೆದದ್ದು ಅಲ್ಲಿ. ಹದಿನಾಲ್ಕು ವರ್ಷಗಳ ಬಳಿಕ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಅದೇ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡ. ಆ ಸೊಳ್ಳೆಗಳಿಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಎಂಬ ರೋಗಿ. ಒಂದು ಸೊಳ್ಳೆ ಕಚ್ಚಿಸಿಕೊಂಡರೆ ಒಂದಾಣೆ ಕೂಲಿ! ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಅಭ್ಯಸಿಸುವಾಗ ರಾಸ್‌ಗೆ ನೆರವಾದ ಸಹಾಯಕ ಮಹಮ್ಮದ್ ಬಕ್ಷ್. 1902ರ ನೊಬೆಲ್ ಪಾರಿತೋಷಕ ರಾಸ್‌ಗೆ ಸಂದಿತು. ಆ ಇಬ್ಬರ ಹೆಸರು ನಮ್ಮ ಪಠ್ಯಪುಸ್ತಕಗಳ ಅಂಚಿನಲ್ಲೂ ಕಾಣುವುದಿಲ್ಲ.

1946ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರು ಆಗಿನ ಮುಂಬಯಿ ಪ್ರಾಂತದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿ ತೋರಿಸಿದರು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 1965ರ ಹೊತ್ತಿಗೆ ದೇಶದ ಮಲೇರಿಯಾ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದವು. ಇನ್ನೇನು ಗೆದ್ದೆವು ಎಂದುಕೊಂಡರು. ಆದರೆ 1976ರಲ್ಲಿ ಸಂಖ್ಯೆ 64 ಲಕ್ಷ ದಾಟಿತು! ಸೊಳ್ಳೆ ಡಿ.ಡಿ.ಟಿ.ಯನ್ನು ಜೀರ್ಣಿಸಿಕೊಳ್ಳಲು ಕಲಿತಿತ್ತು. ಕ್ಲೋರೋಕ್ವಿನ್‌ಗೆ ಬಗ್ಗದ ಪರೋಪಜೀವಿ 1973ರಲ್ಲೇ ಅಸ್ಸಾಮಿನಲ್ಲಿ ಪತ್ತೆಯಾಗಿತ್ತು. ಹೊಸ ಮದ್ದು ಬೇಕೇ ಬೇಕಾಯಿತು. ಚೀನಾದಲ್ಲಿ ಟು ಯುಯು ಎಂಬ ವಿಜ್ಞಾನಿ ಹಳೆಯ ವೈದ್ಯಗ್ರಂಥಗಳನ್ನು ತಿರುವಿ, 1970ರ ದಶಕದ ಆರಂಭದಲ್ಲಿ ಆರ್ಟಿಮಿಸಿನಿನ್ ಎಂಬ ಮದ್ದನ್ನು ಕಂಡುಹಿಡಿದರು. ಅದಕ್ಕೆ ನೊಬೆಲ್ ಬಂದದ್ದು 2015ರಲ್ಲಿ.

ಇನ್ನು ಬೆಂಗಳೂರಿಗೆ ಬರೋಣ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಂಗಳೂರಿನ ಹಳಬರು ಈಗಲೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುತ್ತಾರೆ. ಅಲ್ಲಿನ ಜೀವರಸಾಯನ ವಿಭಾಗದಲ್ಲಿ ಪ್ರೊ. ಗೋವಿಂದರಾಜನ್ ಪದ್ಮನಾಭನ್ ಅವರನ್ನು ಒಂದು ಒಗಟು ಕಾಡಿತು. ಒಗಟು ಸರಳವಾದುದು, ನೀವೂ ಯೋಚಿಸಿ ನೋಡಬಹುದು. ಮಲೇರಿಯಾದ ಪರೋಪಜೀವಿ ನಮ್ಮ ಕೆಂಪು ರಕ್ತಕಣದೊಳಗೆ ಕುಳಿತು ಹಿಮೋಗ್ಲೋಬಿನನ್ನು ತಿನ್ನುತ್ತದೆ. ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವನ್ನು ಹಿಡಿದಿಟ್ಟಿರುವ ಭಾಗಕ್ಕೆ ಹೀಮ್ ಎಂದು ಹೆಸರು. ತಿಂದಂತೆಲ್ಲ ಹೀಮ್ ರಾಶಿ ರಾಶಿಯಾಗಿ ಉಳಿಯುತ್ತದೆ. ಅದು ವಿಷ. ಆದ್ದರಿಂದ ಪರೋಪಜೀವಿ ಅದನ್ನು ಹರಳುಗಟ್ಟಿಸಿ ಒಂದು ಮೂಲೆಗೆ ತಳ್ಳುತ್ತದೆ. ಕ್ಲೋರೋಕ್ವಿನ್ ಈ ಹರಳುಗಟ್ಟುವಿಕೆಯನ್ನೇ ತಡೆದು ಅದನ್ನು ಕೊಲ್ಲುತ್ತದೆ. ಆದರೆ ಪರೋಪಜೀವಿಗೂ ಬದುಕಲು ಒಂದಿಷ್ಟು ಹೀಮ್ ಬೇಕು. ಸುತ್ತಲೂ ರಾಶಿ ಬಿದ್ದಿರುವಾಗ ಅದು ತನ್ನದನ್ನು ತಾನೇ ತಯಾರಿಸಿಕೊಳ್ಳುವುದುಂಟೇ?

ತಯಾರಿಸಿಕೊಳ್ಳುತ್ತದೆ ಎಂದು 1992ರಲ್ಲಿ ನಮಿತಾ ಸುರೋಲಿಯಾ ಮತ್ತು ಪದ್ಮನಾಭನ್ ತೋರಿಸಿದರು. 2000ನೇ ಇಸವಿಯಲ್ಲಿ ಪದ್ಮನಾಭನ್, ಪಿ.ಎನ್. ರಂಗರಾಜನ್ ಮತ್ತು ಸಂಗಡಿಗರು ಇನ್ನೊಂದು ಅಚ್ಚರಿಯನ್ನು ಹೊರಗೆಡವಿದರು. ಹೀಮ್ ತಯಾರಿಗೆ ಬೇಕಾದ ಒಂದು ಕಿಣ್ವವನ್ನು ಪರೋಪಜೀವಿ ನಮ್ಮ ರಕ್ತಕಣದಿಂದಲೇ ಕದ್ದು ಒಳಗೆ ತಂದುಕೊಳ್ಳುತ್ತದಂತೆ! ಈ ಕಳ್ಳತನದ ದಾರಿಯನ್ನು ಮುಚ್ಚಿದರೆ ಕಳ್ಳ ಹಸಿದು ಸಾಯುತ್ತಾನೆ, ಹೊಸ ಮದ್ದಿಗೆ ಇದೇ ಗುರಿ ಎಂಬ ಆಸೆ ಮೂಡಿತು.

ಮರುವರ್ಷ, 2001ರಲ್ಲಿ, ಬೆಂಗಳೂರಿನಿಂದಲೇ ಇನ್ನೊಂದು ಸುದ್ದಿ. ಅಷ್ಟರಲ್ಲಿ ನಮಿತಾ ಸುರೋಲಿಯಾ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದರು. ಅವರ ಪತಿ ಅವಧೇಶ ಸುರೋಲಿಯಾ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು. ಟೂತ್‌ಪೇಸ್ಟ್, ಸಾಬೂನುಗಳಲ್ಲಿ ರೋಗಾಣು ನಾಶಕ್ಕೆಂದು ಬಳಸುತ್ತಿದ್ದ ಟ್ರೈಕ್ಲೋಸಾನ್ ಎಂಬ ಅಗ್ಗದ ರಾಸಾಯನಿಕವು ಮಲೇರಿಯಾ ಪರೋಪಜೀವಿಯನ್ನೂ ಕೊಲ್ಲುತ್ತದೆಂದು ಇಬ್ಬರೂ ಸೇರಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊಬ್ಬಿನಾಮ್ಲವನ್ನು ತಯಾರಿಸುವ ಒಂದು ಕಿಣ್ವವನ್ನು ಅದು ತಡೆಯುತ್ತದೆ ಎಂಬುದು ಅವರ ವಿವರಣೆ. ಮನುಷ್ಯನ ದೇಹದಲ್ಲಿ ಈ ಕೆಲಸವನ್ನು ಒಂದೇ ದೊಡ್ಡ ಪ್ರೋಟೀನು ಮಾಡಿ ಮುಗಿಸುತ್ತದೆ. ಪರೋಪಜೀವಿಯಲ್ಲಿ ಬ್ಯಾಕ್ಟೀರಿಯಾಗಳಲ್ಲಿರುವಂತೆ ಬಿಡಿಬಿಡಿ ಕಿಣ್ವಗಳು ಮಾಡುತ್ತವೆ. ಹಾಗಾಗಿ ರೋಗಿಗೆ ತೊಂದರೆಯಿಲ್ಲದೆ ರೋಗಾಣುವನ್ನಷ್ಟೇ ಹೊಡೆಯಬಹುದು. ಸೋಂಕಿತ ಇಲಿಗಳು ಈ ಮದ್ದಿನಿಂದ ಬದುಕಿದವು. ದೇಶದ ಪತ್ರಿಕೆಗಳೂ ಸಂಭ್ರಮಿಸಿದವು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ 2008ರಲ್ಲಿ ವಿದೇಶದ ಸಂಶೋಧಕರು ಆ ಕಿಣ್ವದ ಜೀನನ್ನೇ ಪರೋಪಜೀವಿಯಿಂದ ಕಿತ್ತುಹಾಕಿ ನೋಡಿದರು. ರಕ್ತದೊಳಗೆ ಅದು ಏನೂ ಆಗದಂತೆ ಬೆಳೆಯಿತು! ಆ ಕಿಣ್ವ ಅದಕ್ಕೆ ಅನಿವಾರ್ಯವಾಗಿದ್ದದ್ದು ರಕ್ತದಲ್ಲಲ್ಲ, ಯಕೃತ್ತಿನಲ್ಲಿ. ಅಂದರೆ ಟ್ರೈಕ್ಲೋಸಾನ್ ರಕ್ತದಲ್ಲಿ ಪರೋಪಜೀವಿಯನ್ನು ಕೊಂದದ್ದು ನಿಜವಾದರೂ, ಕೊಂದ ದಾರಿ ಅಂದುಕೊಂಡದ್ದಾಗಿರಲಿಲ್ಲ.

ಹೀಮ್‌ನ ಕಥೆಯೂ ಅದೇ ತಿರುವನ್ನು ಪಡೆಯಿತು. ಇಲ್ಲಿ ನಾವು ಗಮನಿಸಬೇಕಾದ ವಿಷಯವೆಂದರೆ, ಆ ತಿರುವನ್ನು ತಂದವರು ಬೇರೆ ಯಾರೋ ಅಲ್ಲ. ಪದ್ಮನಾಭನ್ ಅವರ ತಂಡದವರೇ ಆದ ವಿಶ್ವನಾಥನ್ ಅರುಣ್ ನಾಗರಾಜ್ ಮತ್ತು ಸಂಗಡಿಗರು ಹೀಮ್ ತಯಾರಿಯ ಜೀನುಗಳನ್ನು ತೆಗೆದು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ರಕ್ತದ ಹಂತದಲ್ಲಿ ಪರೋಪಜೀವಿ ನಮ್ಮ ಹೀಮನ್ನೇ ಬಳಸಿಕೊಂಡು ಬದುಕಬಲ್ಲದು. ಸೊಳ್ಳೆಯೊಳಗೆ ಮತ್ತು ಯಕೃತ್ತಿನಲ್ಲಿ ಮಾತ್ರ ತನ್ನ ಹೀಮ್ ಇಲ್ಲದೆ ಅದಕ್ಕೆ ಗತಿಯಿಲ್ಲ. ಇಪ್ಪತ್ತು ವರ್ಷ ತಾವೇ ನಂಬಿ ನಡೆದ ಗುರಿಯನ್ನು ತಮ್ಮದೇ ಪ್ರಯೋಗಾಲಯದಲ್ಲಿ ಹೀಗೆ ಒರೆಗೆ ಹಚ್ಚಿದ್ದು, ನನ್ನ ದೃಷ್ಟಿಯಲ್ಲಿ, ಮೊದಲಿನ ಶೋಧಕ್ಕಿಂತ ದೊಡ್ಡ ಸಾಧನೆ. ಪತ್ರಿಕೆಗಳಲ್ಲಿ ಇದಕ್ಕೆ ಮುಖಪುಟ ಸಿಗಲಿಲ್ಲ ಎಂಬುದು ಬೇರೆ ಮಾತು.

ನಡುವೆ ಅರಸಿನದ ಪ್ರಸಂಗವೊಂದಿದೆ. 2005ರಲ್ಲಿ ಇದೇ ತಂಡ ಅರಸಿನದ ಕರ್ಕ್ಯುಮಿನ್ ಅಂಶವನ್ನು ಮಲೇರಿಯಾ ತಗಲಿದ ಇಲಿಗಳಿಗೆ ತಿನ್ನಿಸಿ, ರಕ್ತದಲ್ಲಿ ಪರೋಪಜೀವಿಗಳು ಶೇ. 80ರಿಂದ 90ರಷ್ಟು ಇಳಿದುದನ್ನು ಕಂಡಿತು. 2006ರಲ್ಲಿ ಆರ್ಟಿಮಿಸಿನಿನ್ ಜಾತಿಯ ಮದ್ದಿನ ಒಂದೇ ಚುಚ್ಚುಮದ್ದಿನ ಜೊತೆ ಮೂರು ಸಲ ಕರ್ಕ್ಯುಮಿನ್ ಕೊಟ್ಟಾಗ ಇಲಿಗಳು ಪೂರ್ತಿ ಗುಣವಾದವು. ಇಲಿಗಳು ಎಂಬ ಪದವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಮನುಷ್ಯನ ಹೊಟ್ಟೆಗೆ ಹೋದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಅದು ಇಂದಿಗೂ ಮಲೇರಿಯಾದ ಅಂಗೀಕೃತ ಚಿಕಿತ್ಸೆಯಾಗಿಲ್ಲ. ಜ್ವರ ಬಂದಾಗ ಅರಸಿನ ಹಾಕಿದ ಹಾಲು ಕುಡಿದು ಕಾಯುತ್ತಾ ಕೂರಬೇಡಿ. ರಕ್ತ ಪರೀಕ್ಷೆ ಮಾಡಿಸಿ.

ಹಾಗಾದರೆ ಹೀಮ್‌ನ ಸಂಶೋಧನೆ ವ್ಯರ್ಥವಾಯಿತೇ? ಇಲ್ಲ. ಮುಂದೆ ಭುವನೇಶ್ವರದ ಜೀವ ವಿಜ್ಞಾನ ಸಂಸ್ಥೆಗೆ ಹೋದ ನಾಗರಾಜ್, ತಮ್ಮ ಹಿರಿಯರೊಂದಿಗೆ ಸೇರಿ 2022ರಲ್ಲಿ ಇನ್ನೊಂದು ಪ್ರಬಂಧ ಪ್ರಕಟಿಸಿದರು. ಮಲೇರಿಯಾ ಮೆದುಳಿಗೇರಿದಾಗ ರೋಗಿಯ ಪ್ರಾಣಕ್ಕೇ ಅಪಾಯ. ಪರೋಪಜೀವಿ ತಯಾರಿಸುವ ಹೀಮ್ ಈ ಮೆದುಳು ಮಲೇರಿಯಾವನ್ನು ಉಲ್ಬಣಗೊಳಿಸುತ್ತದೆ ಎಂದೂ, ಗಜಕರ್ಣದಂತಹ ಚರ್ಮರೋಗಗಳಿಗೆ ಹಲವು ದಶಕಗಳಿಂದ ಕೊಡುತ್ತಿರುವ ಗ್ರೈಸಿಯೋಫುಲ್ವಿನ್ ಎಂಬ ಹಳೆಯ ಮಾತ್ರೆ ಇಲಿಗಳನ್ನು ಅದರಿಂದ ಕಾಪಾಡುತ್ತದೆ ಎಂದೂ ಅವರು ಕಂಡುಕೊಂಡರು. 1992ರ ಒಗಟಿನಿಂದ ಇಲ್ಲಿಗೆ ಬರಲು ಮೂವತ್ತು ವರ್ಷ ಹಿಡಿಯಿತು, ಗಮನಿಸಿ.

ಔಷಧ ಸಂಶೋಧನೆ ಎಂದರೆ ಎಂ.ಬಿ.ಬಿ.ಎಸ್. ಓದಿದವರ ಕೆಲಸವೆಂದು ನಮ್ಮ ಅನೇಕ ತಂದೆತಾಯಿಗಳು ತಿಳಿದಿದ್ದಾರೆ. ಮೇಲಿನ ಕೆಲಸದ ಹೆಚ್ಚಿನ ಭಾಗ ಜೀವರಸಾಯನ ವಿಭಾಗದ ಮೇಜಿನ ಮೇಲೆ ನಡೆಯಿತು. ಬಿ.ಎಸ್ಸಿ., ಎಂ.ಎಸ್ಸಿ. ಹಾದಿಯಲ್ಲಿ ಸಾಗಿದವರಿಗೂ ಅಲ್ಲಿ ಜಾಗವಿದೆ. ದೊಡ್ಡ ಸಂಸ್ಥೆಗಳಷ್ಟೇ ಈ ಕೆಲಸ ಮಾಡುತ್ತವೆ ಎಂದೂ ತಿಳಿಯಬೇಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದ ರಾಜೇಶ್ವರ ಆಚಾರ್ ಅವರ ತಂಡವು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಚನ್ನೇಗೌಡರ ಜೊತೆ ಸೇರಿ, ನಮ್ಮ ವೆನ್‌ಲಾಕ್ ಆಸ್ಪತ್ರೆಗೆ ಬಂದ ಮಲೇರಿಯಾ ರೋಗಿಗಳ ರಕ್ತವನ್ನು ಅಭ್ಯಸಿಸಿದೆ. ಯಾರಲ್ಲಿ ರೋಗ ಉಲ್ಬಣಿಸುತ್ತದೆ, ರಕ್ತದಲ್ಲಿ ಯಾವ ಬದಲಾವಣೆಗಳಾಗುತ್ತವೆ ಎಂಬುದೇ ಆ ಅಭ್ಯಾಸದ ವಿಷಯ. ಹುಸೇನ್ ಖಾನ್‌ನಂತೆಯೇ, ಬೆರಳು ಚಾಚಿದ ಆ ರೋಗಿಗಳ ಹೆಸರೂ ಯಾವ ಪ್ರಬಂಧದಲ್ಲೂ ಇರುವುದಿಲ್ಲ. ಈಗ ಅದು ನಿಯಮ, ರೋಗಿಯ ಹಿತಕ್ಕಾಗಿಯೇ ಮಾಡಿದ ನಿಯಮ.

2015ರ ಅಕ್ಟೋಬರ್‌ನಲ್ಲಿ ಮಂಗಳೂರು ನಗರದಲ್ಲಿ ಮಲೇರಿಯಾ ನಿಯಂತ್ರಣಕ್ಕೆ ಒಂದು ತಂತ್ರಾಂಶ ಬಳಕೆಗೆ ಬಂತು. ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ಲೆಟ್‌ಗಳು ಬಂದವು. ರೋಗ ಪತ್ತೆಯಾದ ಮನೆಗೇ ಹೋಗಿ ಸುತ್ತಲಿನವರ ರಕ್ತ ಪರೀಕ್ಷೆ, ನಿಂತ ನೀರಿನ ತಪಾಸಣೆ ನಡೆಯತೊಡಗಿತು. ಮುಂದಿನ ಐದು ವರ್ಷಗಳಲ್ಲಿ ಪ್ರಕರಣಗಳು ಬಹಳ ಇಳಿದವು. ಬೆಂಗಳೂರಿನ ಪೀಪಾಯಿಯಲ್ಲಿ ರಾಸ್ ಕಂಡದ್ದೇ ಇಲ್ಲಿಯೂ ಕೆಲಸಕ್ಕೆ ಬಂತು ಎನ್ನಿ.

ಆದರೂ ಯಕೃತ್ತಿನ ಪ್ರಶ್ನೆ ಉಳಿದೇ ಇದೆ. ಮಂಗಳೂರಿನ ಮಲೇರಿಯಾದಲ್ಲಿ ಹೆಚ್ಚಿನದು ವೈವಾಕ್ಸ್ ಜಾತಿಯದು. ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ರಿಸಿ ಮತ್ತೆ ಎದ್ದು ಬರಬಲ್ಲದು. ಅದಕ್ಕೆಂದೇ ಕ್ಲೋರೋಕ್ವಿನ್ ಮುಗಿದ ಮೇಲೂ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ನುಂಗಬೇಕು. ಜ್ವರ ಮೂರೇ ದಿನಕ್ಕೆ ಇಳಿದರೆ ಉಳಿದ ಮಾತ್ರೆ ಕಪಾಟು ಸೇರುವುದು ನಮ್ಮಲ್ಲಿ ಸಾಮಾನ್ಯ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಇದೇ ಮಾತ್ರೆ ರಕ್ತಕಣಗಳನ್ನು ಒಡೆಯುತ್ತದೆ. ಪ್ರೈಮಾಕ್ವಿನ್ ಬಳಕೆಗೆ ಬಂದದ್ದು 1952ರಲ್ಲಿ. ಅದರ ನಂತರ ನಿದ್ರಿಸುವ ವೈವಾಕ್ಸನ್ನು ಕೊಲ್ಲುವ ಇನ್ನೊಂದು ಮದ್ದು, ಒಂದೇ ಸಲ ನುಂಗಿದರೆ ಸಾಕಾಗುವ ಟಾಫೆನೋಕ್ವಿನ್, 1978ರಲ್ಲಿ ಅಮೆರಿಕದ ಸೇನಾ ಸಂಶೋಧನಾಲಯದಲ್ಲಿ ರೂಪುಗೊಂಡಿತು. ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2018ರಲ್ಲಿ, ಅಂದರೆ ನಲ್ವತ್ತು ವರ್ಷಗಳ ಬಳಿಕ. ಜಿ6ಪಿಡಿ ಪರೀಕ್ಷೆ ಮಾಡಿಸದೆ ಅದನ್ನೂ ಕೊಡುವಂತಿಲ್ಲ.